ಯಾರೂ ಬಂದು ಒಯ್ಯದ ನಲವತ್ತಮೂರು ಚಿತ್ರಗಳ ವಿಚಾರವಾಗಿ

ಒಬ್ಬರನ್ನೊಬ್ಬರು ಒಪ್ಪದವರ ನಡುವೆ ಒಳ್ಳೆಯ ಮಾತು ಬೆಳೆಸುವ ಆ್ಯಪನ್ನು ವಿನ್ಯಾಸ ಮಾಡಿದವರಿಗೆ,

ಮಾನ್ಯರೇ,

ತಾವೂ ತಮ್ಮ ಸಹೋದ್ಯೋಗಿಗಳೂ ಎಲ್ಲ ವಿಷಯಗಳಲ್ಲಿ ಒಮ್ಮತದಿಂದ ಇರುವಿರೆಂದು ನಂಬಿ, ಹಾಗೆ ಇಲ್ಲದಿದ್ದರೆ ಕನಿಷ್ಠ ನಾಲ್ಕು ನಿಮಿಷ ತಡೆದು ಮಾತನಾಡುತ್ತಿರುವಿರೆಂದು ಹಾರೈಸಿ, ತಮ್ಮ ಸಾಮಾನ್ಯ ಬಳಕೆದಾರನೊಬ್ಬ ಈ ಪತ್ರ ಬರೆಯುತ್ತಿದ್ದಾನೆ. ದೂರು ಸಲ್ಲಿಸುವ ಜಾಗ ಆ್ಯಪಿನ ಒಳಗೇ ಇದೆಯೆಂಬುದು ನನಗೆ ಗೊತ್ತು. ಅಲ್ಲಿಗೆ ಹೋದಾಗ, ನನ್ನ ದೂರನ್ನು ಬರೆದುಕೊಳ್ಳುವ ಮೊದಲು ತಮ್ಮ ನಿಲುವನ್ನು ತಮಗೇ ಒಪ್ಪಿಗೆಯಾಗುವಂತೆ ನನ್ನ ಮಾತಿನಲ್ಲಿ ವಿವರಿಸಬೇಕೆಂದು ಅದು ಕೇಳಿತು. ಎರಡು ದಿನ ಪ್ರಯತ್ನಪಟ್ಟೆ. ವಿವರಿಸಿದಷ್ಟೂ ತಮ್ಮದೇ ಸರಿ ಎನ್ನಿಸತೊಡಗಿದ್ದರಿಂದ, ದೂರು ಪೂರ್ತಿ ಕರಗಿಹೋಗುವ ಮೊದಲು ಕಾಗದಕ್ಕೆ ಬಂದಿದ್ದೇನೆ. ಕಾಗದದ ಒಂದು ಒಳ್ಳೆಯ ಗುಣವೆಂದರೆ ಅದು ಎದುರಿನವರ ಪರವಾಗಿ ಏನನ್ನೂ ಕೇಳುವುದಿಲ್ಲ.

ನಾನು ಚಿತ್ರಗಳಿಗೆ ಕಟ್ಟು ಹಾಕುವವನು. ಅಂಗಡಿ ಅಪ್ಪನದಾಗಿತ್ತು, ಈಗ ಅಕ್ಕನದೂ ನನ್ನದೂ. ರೈಲುಬೋಗಿಯಂತೆ ಉದ್ದಕ್ಕೆ ಚಾಚಿದ ಒಂದು ಕೋಣೆ, ನಡುವೆ ಹಳೆಯ ಕಂಬಳಿ ಹೊದಿಸಿದ ಒಂದು ಮೇಜು, ಆ ಕಡೆ ಅಕ್ಕ, ಈ ಕಡೆ ನಾನು. ಅವಳು ಗಾಜು ಕೊಯ್ಯುತ್ತಾಳೆ, ನಾನು ಮರ ಕೊಯ್ಯುತ್ತೇನೆ. ನಾಲ್ಕು ಮೂಲೆ ಕೂಡಿಸಿದ ಕಟ್ಟು ನನ್ನ ಕಡೆಯಿಂದ ಅವಳ ಕಡೆಗೆ ಹೋಗುತ್ತದೆ. ಒಂದು ನೂಲು, ಅಂದರೆ ಅಂಗುಲದ ಎಂಟನೇ ಒಂದು ಭಾಗ, ಹೆಚ್ಚುಕಡಿಮೆಯಾಗಿದ್ದರೆ ಬಂದ ದಾರಿಯಲ್ಲೇ ವಾಪಸು ಬರುತ್ತದೆ. ಅಕ್ಕ ಅದನ್ನು ಬಯ್ಯುತ್ತಾ ಕಳಿಸುವುದಿಲ್ಲ, ಸುಮ್ಮನೆ ತಳ್ಳುತ್ತಾಳೆ. ಬಯ್ಗುಳವನ್ನೆಲ್ಲ ಅವಳು ಎಡಗಡೆಯ ಗೋಡೆಗಾಗಿ ಉಳಿಸಿಕೊಂಡಿದ್ದಳು.

ಆ ಗೋಡೆಯ ಮೇಲೆ, ಕಟ್ಟು ಹಾಕಲು ಕೊಟ್ಟು ಮತ್ತೆ ಬಾರದವರ ಚಿತ್ರಗಳು ನಲವತ್ತಮೂರು ಇದ್ದವು. ಯಾವುದೋ ಕಚೇರಿಯ ಬೀಳ್ಕೊಡುಗೆಯ ಗುಂಪು, ಅದರಲ್ಲಿ ಬೀಳ್ಕೊಂಡವರು ಯಾರೆಂದು ಯಾವ ಮುಖದಿಂದಲೂ ತಿಳಿಯುವುದಿಲ್ಲ. ದಾರದಲ್ಲಿ ಹೊಲಿದ ಬಾತುಕೋಳಿ. ಛಾವಣಿಯ ಮೇಲೆ ಬಾಗಿಲಿರುವ ಮನೆ, ಬಿಡಿಸಿದ ಮಗುವಿಗೆ ಈಗ ಮಕ್ಕಳಿರಬಹುದು. ಒಂದು ಲಾರಿ, ಬರೀ ಲಾರಿ, ಪಕ್ಕದಲ್ಲಿ ಯಾರೂ ನಿಂತಿಲ್ಲ. ಇವುಗಳ ನಡುವೆ ಅಪ್ಪನೇ ಬರೆದು ಅಪ್ಪನೇ ಕಟ್ಟು ಹಾಕಿದ ಫಲಕ: ‘ಒಂದು ವರ್ಷದೊಳಗೆ ಒಯ್ಯದ ಚಿತ್ರಗಳಿಗೆ ನಾವು ಹೊಣೆಯಲ್ಲ.’ ವರ್ಷ ಕಳೆದರೆ ಕಟ್ಟು ಬಿಚ್ಚಿ, ಮರವನ್ನು ಕತ್ತರಿಸಿ ಸಣ್ಣ ಕಟ್ಟುಗಳಿಗೆ ಬಳಸಿ, ಚಿತ್ರವನ್ನು ರದ್ದಿಗೆ ಹಾಕುವುದು ಅಪ್ಪನ ಪದ್ಧತಿ, ನಾನು ಕಲಿತದ್ದೂ ಅದೇ. ಆದರೆ ಹತ್ತೊಂಬತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಕ್ಕ ಇದ್ದಕ್ಕಿದ್ದಂತೆ, ಇನ್ನು ಮುಂದೆ ಒಂದನ್ನೂ ಬಿಚ್ಚಕೂಡದು ಎಂದಳು. ಕಾರಣ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಹಟ ಎಂಬ ಪದ ಕೈಗೆ ಸಿಗುವಂತಿತ್ತು, ಅದನ್ನೇ ಎತ್ತಿಕೊಂಡೆ.

ಅಂದಿನಿಂದ ಪ್ರತಿದಿನ ಬೆಳಿಗ್ಗೆ ಬಾಗಿಲು ಎತ್ತಿದ ಕೂಡಲೇ ನಾನು, “ಇವತ್ತಾದರೂ ಇಳಿಸೋಣ್ವಾ?” ಎನ್ನುವುದು, ಅವಳು, “ಇಳಿಸು, ಮೊದಲು ನೀನು ನನ್ನ ತಲೆ ಮೇಲಿಂದ ಇಳಿ” ಎನ್ನುವುದು. ಹನ್ನೊಂದು ಗಂಟೆಯ ಚಹಾಕ್ಕೆ ನಾನು, “ಆ ಲಾರಿಯವನು ನಿನಗೇನಾಗಬೇಕು?” ಎಂದರೆ, “ನಿನಗಿಂತ ಹತ್ತಿರದವನು” ಎಂದು ಉತ್ತರ. ಊಟದ ಹೊತ್ತಿಗೆ ಧೂಳು, ಜಾಗ, ಮರದ ಗುಣ, ಅಪ್ಪನ ಆತ್ಮ ಎಲ್ಲವೂ ಒಂದು ಸುತ್ತು ಬಂದು ಹೋಗಿರುತ್ತಿದ್ದವು. ಅದರಲ್ಲಿ ಕೋಪ ಇರಲಿಲ್ಲವೆಂದಲ್ಲ, ಅಡುಗೆಯಲ್ಲಿ ಉಪ್ಪಿನಷ್ಟು ಇತ್ತು. ಅಂಗಡಿಗೆ ಗಡಿಯಾರದ ಅಗತ್ಯ ಬಿದ್ದಿರಲಿಲ್ಲ.

ಹೀಗಿರುವಾಗ ಗೋಡೆಗೆ ಥಂಡಿ ಹಿಡಿದು ಗಾರೆ ಉದುರತೊಡಗಿತು. ಗಾರೆ ಕೆಲಸದವರು ಬಂದು ಬೆರಳಿನಿಂದ ಒಮ್ಮೆ ಕೆರೆದು, ಚಿತ್ರಗಳೆಲ್ಲ ಇಳಿಯಬೇಕೆಂದರು. ಇಳಿಸಿದ ಮೇಲೆ ಮತ್ತೆ ಏರಿಸುವುದೋ ಬಿಚ್ಚುವುದೋ ಎಂಬ ಪ್ರಶ್ನೆ ಎದ್ದು, ನಾವಿಬ್ಬರೂ ಅವರ ಎದುರಿಗೇ ಶುರುಮಾಡಿದಾಗ ಆ ಮಹಾನುಭಾವರು ಚೀಲ ಹೆಗಲಿಗೆ ಹಾಕಿಕೊಂಡು, “ಅಕ್ಕ-ತಮ್ಮ ಇಬ್ಬರೂ ಮಾತಾಡಿ ಮುಗಿಸಿಟ್ಟಿರಿ, ಸೋಮವಾರ ಬರ್ತೀನಿ. ಕಲಸಿದ ಗಾರೆ ಯಾರ ಜಗಳಕ್ಕೂ ಕಾಯಲ್ಲ” ಎಂದು ಹೊರಟರು. ಅಂದು ಬುಧವಾರ. ಮಧ್ಯಾಹ್ನ ಊಟಕ್ಕೆ ಬಂದ ಅಕ್ಕನ ಮಗಳು, ಆಸ್ಪತ್ರೆಯಲ್ಲಿ ದಾದಿಯಾಗಿರುವವಳು, ಅರ್ಧ ಊಟಕ್ಕೇ ಕೈ ತೊಳೆದು, “ಮಾವ, ಅಮ್ಮ, ನಿಮ್ಮಿಬ್ಬರನ್ನ ಕೇಳೋದಕ್ಕಿಂತ ನಮ್ಮ ವಾರ್ಡೇ ವಾಸಿ, ಅಲ್ಲಿ ಕೆಲವರಿಗಾದರೂ ಪ್ರಜ್ಞೆ ಇರಲ್ಲ” ಎಂದು ಹೇಳಿ ಇಬ್ಬರ ಫೋನನ್ನೂ ಕಸಿದುಕೊಂಡು ತಮ್ಮ ಆ್ಯಪನ್ನು ಒಳಗೆ ಇಳಿಸಿಕೊಟ್ಟಳು.

ಮಾನ್ಯರೇ, ತಮ್ಮ ವಿನ್ಯಾಸವನ್ನು ನಾನು ಕಸುಬಿನ ಕಣ್ಣಿನಿಂದ ನೋಡಿದ್ದೇನೆ. ಸ್ವತಃ ಮೂಲೆ ಕೂಡಿಸುವವನಾದ್ದರಿಂದ ಇನ್ನೊಬ್ಬರ ಮೂಲೆಗಳ ಮೇಲೆ ಕಣ್ಣು ಹೋಗುತ್ತದೆ. ಎಲ್ಲಿಯೂ ಸಂದಿಲ್ಲ. ವಿಷಯ ಯಾವುದೆಂದು ಕೇಳಿ ರಾಜಕೀಯ, ಪರಿಸರ, ಮಕ್ಕಳ ಶಿಕ್ಷಣ, ಆಹಾರ ಎಂಬ ಘನವಾದ ಪಟ್ಟಿಯನ್ನು ಮುಂದಿಟ್ಟು, ಕೊನೆಯಲ್ಲಿ ನಮ್ಮಂಥವರಿಗಾಗಿ ‘ಇತರೆ’ ಎಂಬ ಜಗುಲಿಯನ್ನೂ ಬಿಟ್ಟಿದ್ದೀರಿ. ಭಿನ್ನಾಭಿಪ್ರಾಯ ಎಷ್ಟು ತೀವ್ರ ಎಂಬುದಕ್ಕೆ ಐದು ಮುಖಗಳನ್ನು ಕೊಟ್ಟಿದ್ದೀರಿ. ಹಳದಿ ಚೆನ್ನಾಗಿದೆಯೆಂದು ಅಕ್ಕ ನಗುವ ಮುಖವನ್ನೇ ಒತ್ತಿದಳು. ಬರೆದ ಮಾತು ಕೂಡಲೇ ಹೋಗದಂತೆ, ಪರದೆಯ ಮೇಲಿನಿಂದ ಒಂದು ಹಸಿರು ಎಲೆ ತೇಲಿ ತೇಲಿ ಇಳಿದು ನೆಲ ಮುಟ್ಟುವವರೆಗೆ, ನಾಲ್ಕು ನಿಮಿಷ, ಅದನ್ನು ತಣ್ಣಗಾಗಲು ಇಟ್ಟಿದ್ದೀರಿ. ಎರಡು ಕೈಯಳತೆಯಲ್ಲಿ ಕುಳಿತ ಅಕ್ಕನಿಗೆ ನನ್ನ ಮಾತು ಹೀಗೆ ಯಾವುದೋ ದೂರದೇಶ ಸುತ್ತಿಕೊಂಡು ಬಂದು ಮುಟ್ಟುವುದನ್ನು ನೋಡುತ್ತ ಕೂರುವುದು ಒಂದು ಹೊಸ ಅನುಭವ. “ಏನೋ ಕಳಿಸಿದ್ದೀಯಲ್ಲ, ಬಾಯಲ್ಲೇ ಹೇಳಬಾರದಾ” ಎಂದು ಅವಳು, “ಎಲೆ ಬೀಳಲಿ ತಾಳು” ಎಂದು ನಾನು.

ಮಾತನ್ನು ತಾವು ತಿದ್ದಿಕೊಡುವ ರೀತಿಗಂತೂ ನಾನು ತಲೆಬಾಗುತ್ತೇನೆ. ‘ನನ್ನ ತಲೆ ತಿನ್ನಬೇಡ’ ಎಂದು ನಾನು ಬರೆದದ್ದನ್ನು ‘ಈ ಚರ್ಚೆ ನನಗೆ ಸ್ವಲ್ಪ ಆಯಾಸ ತರುತ್ತಿದೆ’ ಎಂದು ಮಾಡಿ ಕಳಿಸಿದಿರಿ. ಅಕ್ಕ ಅದನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, “ಯಾರೋ ಇದು ನಿನ್ನ ಪರವಾಗಿ ಬರೆಯೋರು, ವಕೀಲರನ್ನ ಇಟ್ಕೊಂಡಿದ್ದೀಯಾ?” ಎಂದು ಕೇಳಿದಳು. ಅವಳ ಧ್ವನಿಯಲ್ಲಿ ಮೊದಲ ಬಾರಿಗೆ ನನ್ನ ಬಗ್ಗೆ ಒಂದು ಬಗೆಯ ಮರ್ಯಾದೆ ಕೇಳಿಸಿತು, ನಾನು ಅದನ್ನು ಇಷ್ಟಪಡಲಿಲ್ಲ.

ಇನ್ನು ತಮ್ಮ ಆ್ಯಪಿನ ನಡುಗಂಬವಾದ ನಿಯಮಕ್ಕೆ ಬರುತ್ತೇನೆ. ಎದುರಿನವರ ಅಭಿಪ್ರಾಯವನ್ನು ನಾವು ನಮ್ಮ ಮಾತಿನಲ್ಲಿ ಹೇಳಬೇಕು. ಅವರು ‘ಹೌದು, ಇದೇ ನನ್ನ ಮಾತು’ ಎಂದು ಒತ್ತುವವರೆಗೆ ನಮ್ಮ ವಾದ ಮುಂದಕ್ಕೆ ಹೋಗುವಂತಿಲ್ಲ. ಬೇರೆಯವರು ಬೇಸತ್ತು ‘ಹೌದು’ ಒತ್ತಿಬಿಡುತ್ತಾರೇನೋ. ತಾವು ಇದನ್ನು ರೂಪಿಸುವಾಗ, ಒಂದು ನೂಲು ತಪ್ಪಿದರೂ ಕಟ್ಟನ್ನು ವಾಪಸು ತಳ್ಳುವ ಒಬ್ಬ ಹೆಂಗಸನ್ನು ಕಲ್ಪಿಸಿಕೊಂಡಿರಲಾರಿರಿ. ಚಿತ್ರದ ಒಡೆಯರು ಎಂದಾದರೂ ಬಂದಾರೆಂಬುದು ಅಕ್ಕನ ಆಸೆ, ಎಂದು ಬರೆದೆ. ಅಲ್ಲ ಎಂದಳು. ಕಷ್ಟಪಟ್ಟು ಕೂಡಿಸಿದ ಕಟ್ಟನ್ನು ಬಿಚ್ಚುವುದು ಕೆಲಸಕ್ಕೆ ಅವಮಾನ. ಅಲ್ಲ. ಗುರುತಿಲ್ಲದವರ ಮುಖಗಳ ಮೇಲೆ ಅವಳಿಗೆ ಮಮತೆ. ಇದಕ್ಕೆ ‘ಅಲ್ಲ’ದ ಜೊತೆ ಬಾಯಿಯಿಂದಲೂ, “ನನಗೇನು ಬೇರೆ ಕೆಲಸ ಇಲ್ವಾ” ಎಂದು ಬಂತು. ನನ್ನನ್ನು ಗೋಳುಹೊಯ್ದುಕೊಳ್ಳುವುದೇ ಅವಳ ಉದ್ದೇಶ ಎಂಬುದನ್ನು ತಾವು ಕಳಿಸಲೇ ಇಲ್ಲ, ಎಲೆಯನ್ನು ಅರ್ಧದಲ್ಲಿ ನಿಲ್ಲಿಸಿ ಇನ್ನೊಮ್ಮೆ ಯೋಚಿಸಲು ಹೇಳಿದಿರಿ. ಗುರುವಾರ ಪೂರ್ತಿ ಹೀಗೆ ಕಳೆಯಿತು. ಶುಕ್ರವಾರ ಹತ್ತು ಗಂಟೆಗೆ, ಹನ್ನೊಂದನೆಯ ಸಲ, ಬೇರೇನೂ ಉಳಿಯದೆ, ‘ಅಕ್ಕನ ಅಭಿಪ್ರಾಯ ಏನೆಂದು ನನಗೆ ಗೊತ್ತಿಲ್ಲ’ ಎಂದು ಬರೆದೆ.

ಹತ್ತೊಂಬತ್ತು ವರ್ಷದಲ್ಲಿ ಈ ಒಂದು ವಾಕ್ಯ ನನ್ನ ಬಾಯಿಗೆ ಬಂದಿರಲಿಲ್ಲ. ಅದನ್ನು ಬರೆಸಿದ ಕೀರ್ತಿ ಪೂರ್ತಿಯಾಗಿ ತಮ್ಮದು, ನನ್ನ ದೂರು ಶುರುವಾಗುವುದೂ ಅಲ್ಲಿಂದಲೇ.

ಅಕ್ಕ ‘ಹೌದು’ ಒತ್ತಲಿಲ್ಲ, ‘ಅಲ್ಲ’ ಎಂದೂ ಒತ್ತಲಿಲ್ಲ. ಗಾಜು ಕೊಯ್ಯುವ ಪೆನ್ನನ್ನು ಕೆಳಗಿಟ್ಟು, ಒಂದೇ ಬೆರಳಿನಲ್ಲಿ ಬಹಳ ಹೊತ್ತು ಏನನ್ನೋ ಬರೆದಳು. ನನ್ನ ಫೋನಿನಲ್ಲಿ ಎಲೆ ಕಾಣಿಸಿಕೊಂಡಿತು. ತಮ್ಮ ಯಂತ್ರಕ್ಕೆ ಆ ಮಾತಿನಲ್ಲಿ ‘ನೀನು’ ಬಹಳ ಸಲ ಕಂಡು ಆರೋಪದ ವಾಸನೆ ಬಂದಿತೆಂದು ತೋರುತ್ತದೆ, ನಾಲ್ಕು ನಿಮಿಷದ ಬದಲು ಎಂಟು ನಿಮಿಷ ಇಟ್ಟಿತು. ಆ ಎಂಟು ನಿಮಿಷದಲ್ಲಿ ನಿವೃತ್ತ ಮೇಷ್ಟರೊಬ್ಬರು ಬಂದು ತಮ್ಮ ಮೊಮ್ಮಗಳ ಪದಕಕ್ಕೆ ಎಂಥ ಕಟ್ಟು ಚೆಂದವೆಂದು ಕೇಳಿದರು, ನಾನು ಐದು ಬಗೆಯ ಮರದ ಪಟ್ಟಿ ತೋರಿಸಿದೆ, ಅಕ್ಕ ಅವರಿಗೆ ಕುರ್ಚಿ ಹಾಕಿದಳು. ಅವರು ಕಪ್ಪು ಪಟ್ಟಿಯನ್ನು ಆರಿಸಿಕೊಂಡು ಹೋದ ಮೇಲೆ ಎಲೆ ನೆಲ ಮುಟ್ಟಿತು. ಅಕ್ಕ ಬರೆದದ್ದು ಇಷ್ಟು:

‘ನೀನು ಬಿಚ್ಚಿದ ಒಂದು ಕಟ್ಟಿನವನು ಬಂದಿದ್ದ. ಚಿತ್ರ ಕೊಟ್ಟು ಮೂರು ವರ್ಷ ಆದಮೇಲೆ. ನೀನು ಗಾಜು ತರೋಕೆ ಹೋಗಿದ್ದೆ. ಬಿಚ್ಚಿದ್ದು ನಾನೇ ಅಂದೆ. ಪರವಾಗಿಲ್ಲ ಅಂದು ರಸೀದಿ ಚೀಟಿನ ನಾಲ್ಕು ಮಡಿಕೆ ಮಾಡಿ ಜೇಬಲ್ಲಿಟ್ಕೊಂಡ. ನೀನು ಆಗ ಹೊಸಬ, ಹೇಳಿದ್ರೆ ಮತ್ತೆ ಕಟ್ಟು ಮುಟ್ತಿರಲಿಲ್ಲ. ಯಾರೋ ಬರ್ತಾರೆ ಅಂತ ಇಟ್ಕೊಂಡಿಲ್ಲ ಇವನ್ನ. ಬಂದರೆ ಇನ್ನೊಂದ್ಸಲ ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲ.’

ಮಾನ್ಯರೇ, ಅದರಲ್ಲಿ ಆರೋಪ ಇರಲಿಲ್ಲ. ಇರಬೇಕಾಗಿದ್ದ ಜಾಗ ಖಾಲಿ ಇತ್ತು, ಅಷ್ಟೆ. ತಮ್ಮ ಯಂತ್ರ ಖಾಲಿ ಜಾಗವನ್ನು ಅಳೆದು ಎಂಟು ನಿಮಿಷ ಎಂದಿತು. ತಪ್ಪಲ್ಲ, ನನ್ನ ಲೆಕ್ಕಕ್ಕೆ ಸ್ವಲ್ಪ ಕಡಿಮೆಯಾಯಿತು.

ಆ ಕಟ್ಟು ನನಗೆ ನೆನಪಿದೆ. ತೇಗದ ಬಣ್ಣ, ಒಂದೂವರೆ ಅಂಗುಲದ ಪಟ್ಟಿ, ಒಳಅಂಚಿಗೆ ಸಣ್ಣ ಚಿನ್ನದ ಗೆರೆ. ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ, ಮೂಲೆ ಒಡೆಯದಂತೆ ಬಿಚ್ಚಿದ ನನ್ನ ಮೊದಲ ಕಟ್ಟು ಅದು. ಹೆಮ್ಮೆಯಿಂದ ಕತ್ತರಿಸಿ ಒಂದು ಕನ್ನಡಿಗೆ ಹಾಕಿದ್ದೆ. ಒಳಗಿದ್ದ ಚಿತ್ರ ಯಾವುದೆಂದು ಎಷ್ಟು ಹುಡುಕಿದರೂ ಸಿಗಲಿಲ್ಲ. ನೆನಪಿನಲ್ಲಿ ಬರೀ ಕಟ್ಟು ನಿಂತಿತ್ತು, ನಡುವೆ ಗೋಡೆ ಕಾಣುತ್ತಿತ್ತು.

ಈ ಹೊತ್ತಿನಲ್ಲಿ ತಾವು ಕರುಣೆಯಿಂದ ಮೂರು ಸಿದ್ಧ ಉತ್ತರಗಳನ್ನು ಮುಂದಿಟ್ಟಿರಿ: ‘ನಿಮ್ಮ ಭಾವನೆಗಳನ್ನು ಗೌರವಿಸುತ್ತೇನೆ’, ‘ಹೊಸ ದೃಷ್ಟಿಕೋನಕ್ಕಾಗಿ ಧನ್ಯವಾದಗಳು’, ಮತ್ತು ಎರಡು ಕೈಗಳು ಕುಲುಕುವ ಒಂದು ಚಿತ್ರ. ನನ್ನ ಬೆರಳಿಗೆ ಮರದ ಅಂಟು ಮೆತ್ತಿತ್ತು. ಯಾವುದನ್ನೂ ಒತ್ತಬಾರದೆಂದು ಫೋನನ್ನು ದೂರ ಸರಿಸಲು ಹೋಗಿ ಮೂರನೆಯದನ್ನು ಒತ್ತಿದೆ. ನಾಲ್ಕು ನಿಮಿಷ ನಾವಿಬ್ಬರೂ ಎದುರುಬದುರಾಗಿ, ಒಬ್ಬರ ಮುಖ ಒಬ್ಬರು ನೋಡದೆ, ಎಲೆ ಬೀಳುವುದನ್ನು ಕಾದೆವು. ಅಕ್ಕನ ಫೋನು ಟಿಣ್ ಎಂದಿತು. ಅವಳು ನೋಡಿದಳು. “ಕೈ ಕುಲುಕೋದಕ್ಕೆ ಇಷ್ಟು ದೂರ ಯಾಕೋ ಬಂದೆ? ಹೋಗು, ಮೊದಲು ಅಂಟು ತೊಳ್ಕೊಂಡು ಬಾ” ಎಂದಳು.

ಮರುದಿನ ಬೆಳಿಗ್ಗೆ ಬಾಗಿಲು ಎತ್ತಿದೆ. ನೇರ ಮೇಜಿಗೆ ಹೋಗಿ ಗರಗಸ ಎತ್ತಿಕೊಂಡೆ. ಅಕ್ಕ ಪೊರಕೆ ಹಿಡಿದು ಗೋಡೆಗೆ ಮುಖ ಮಾಡಿ ಕಾಯುತ್ತಿದ್ದಳು; ಉತ್ತರ ಅವಳ ಬಳಿ ಸಿದ್ಧವಾಗಿತ್ತು, ಪ್ರಶ್ನೆ ಬರಲಿಲ್ಲ. “ಏನಿಲ್ವಾ?” ಎಂದಳು. “ಏನಿಲ್ಲ” ಎಂದೆ. ಆ ದಿನವಿಡೀ ನಮ್ಮ ನಡುವೆ ಓಡಾಡಿದ್ದು ಅಳತೆಗಳು ಮಾತ್ರ: ಹತ್ತು ಹನ್ನೆರಡು, ಹದಿನಾರು ಇಪ್ಪತ್ತು, ಎಂಟು ಹತ್ತು. ನಾನು ಕಳಿಸಿದ ಒಂದು ಕಟ್ಟು ಎರಡು ನೂಲು ಹೆಚ್ಚಾಗಿತ್ತು, ನನಗೇ ಗೊತ್ತಿತ್ತು. ಅಕ್ಕ ಅದನ್ನು ವಾಪಸು ತಳ್ಳದೆ ಗಾಜನ್ನೇ ಎರಡು ನೂಲು ದೊಡ್ಡದಾಗಿ ಕೊಯ್ದಳು. ಇಪ್ಪತ್ತು ವರ್ಷದಲ್ಲಿ ನನಗೆ ಆದ ಅತಿ ದೊಡ್ಡ ಅವಮರ್ಯಾದೆ ಅದು. ಪದಕ ಒಯ್ಯಲು ಬಂದ ಮೇಷ್ಟರು ನಮ್ಮಿಬ್ಬರನ್ನೂ ನೋಡಿ, “ಮನೇಲಿ ಯಾರಿಗಾದರೂ ಹುಷಾರಿಲ್ವೇನಮ್ಮ?” ಎಂದು ಮೆಲ್ಲಗೆ ವಿಚಾರಿಸಿದರು.

ಸಂಜೆ, ತಮ್ಮ ನಿಯಮದಂತೆ ನನ್ನ ಅಭಿಪ್ರಾಯವನ್ನು ಹೇಳುವ ಸರದಿ ಅಕ್ಕನದಾಯಿತು. ಅವಳು ಒಂದೇ ಸಲಕ್ಕೆ ಹೇಳಿದಳು. ಗೋಡೆ ಇರುವುದು ಬರುವವರಿಗಾಗಿ, ಬಾರದವರಿಗಾಗಿ ಅಲ್ಲ. ಮರ ಒಂದೇ ಜನ್ಮದಲ್ಲಿ ಎರಡು ಸಲ ಉಪಯೋಗಕ್ಕೆ ಬರುವುದಾದರೆ ಅದನ್ನು ತಡೆಯುವುದಕ್ಕೆ ನಾವು ಯಾರು. ಬಿಟ್ಟುಹೋದವರೂ ಒಂದು ತೀರ್ಮಾನವನ್ನೇ ಮಾಡಿರುತ್ತಾರೆ, ಅದನ್ನು ಒಪ್ಪಿಕೊಳ್ಳದಿರುವುದು ಅವರಿಗೆ ತೋರುವ ಅಗೌರವ. ನಾನು ಹತ್ತೊಂಬತ್ತು ವರ್ಷ ಇಷ್ಟು ಚೆನ್ನಾಗಿ ವಾದಿಸಿರಲಿಲ್ಲ. ಮೆಚ್ಚಿ ‘ಹೌದು’ ಒತ್ತಿದೆ. ಒತ್ತಿ ತಲೆಯೆತ್ತಿದರೆ ಅವಳು ಆಗಲೇ ಕುರ್ಚಿ ಹತ್ತಿ ಲಾರಿಯನ್ನು ಇಳಿಸುತ್ತಿದ್ದಳು. “ಹೇಳಿಬಿಟ್ಟಮೇಲೆ ಹಗುರಾಗಿದ್ದೀನಿ ಕಣೋ. ಇವುಗಳ ಕಾವಲು ಸಾಕಾಯ್ತು ನನಗೆ. ಬಿಚ್ಚಿಬಿಡೋಣ.”

“ಒಂದನ್ನೂ ಬಿಚ್ಚಕೂಡದು” ಎಂದು ಯಾರೋ ಅಂದರು. ಅಂದದ್ದು ನಾನೇ ಎಂದು ತಿಳಿಯಲು ನನಗೆ ಸ್ವಲ್ಪ ಸಮಯ ಹಿಡಿಯಿತು.

ಇಬ್ಬರೂ ನಮ್ಮ ಹೊಸ ನಿಲುವುಗಳನ್ನು ಪ್ರಾಮಾಣಿಕವಾಗಿ ತಮಗೆ ತಿಳಿಸಿದೆವು. ತಾವು ಲೆಕ್ಕ ಹಾಕಿದಿರಿ. ತಮ್ಮನ ಮಾತನ್ನು ಅಕ್ಕ ಪೂರ್ಣವಾಗಿ ಒಪ್ಪಿದ್ದಾಳೆ, ಅಕ್ಕನ ಮಾತನ್ನು ತಮ್ಮ ಪೂರ್ಣವಾಗಿ ಒಪ್ಪಿದ್ದಾನೆ, ಆದ್ದರಿಂದ ಒಮ್ಮತ ನೂರಕ್ಕೆ ನೂರು. ಪರದೆಯ ತುಂಬ ಬಣ್ಣದ ಕಾಗದದ ಚೂರುಗಳು ಉದುರಿದವು. ‘ಸೌಹಾರ್ದ ಪ್ರಮಾಣಪತ್ರ’ವೊಂದು ಬಂದಿತು. ನಾವು ಮತ್ತೆ ಒಳಗೆ ಹೋಗಿ, ನಮ್ಮ ನಡುವಿನ ದೂರ ಹಾಗೆಯೇ ಇದೆ, ಕುರ್ಚಿಗಳು ಮಾತ್ರ ಅದಲುಬದಲಾಗಿವೆ ಎಂದು ವಿವರಿಸಲು ನೋಡಿದಾಗ, ಈ ವಿಷಯ ಯಶಸ್ವಿಯಾಗಿ ಮುಕ್ತಾಯಗೊಂಡಿದೆಯೆಂದೂ ಬೇರೊಂದು ವಿಷಯವನ್ನು ಆರಿಸಿಕೊಳ್ಳಬೇಕೆಂದೂ ಸೂಚಿಸಿ, ಪರಿಸರದ ಬಗ್ಗೆ ಯೋಚಿಸಬಹುದೆಂದು ಸಲಹೆಯನ್ನೂ ಕೊಟ್ಟಿರಿ. ಪರಿಸರದ ಬಗ್ಗೆ ನಮಗೆ ಭಿನ್ನಾಭಿಪ್ರಾಯವಿಲ್ಲ ಎಂಬುದನ್ನು ವಿಷಾದದಿಂದ ತಿಳಿಸುತ್ತೇನೆ.

ಆದ್ದರಿಂದ ತಮ್ಮಲ್ಲಿ ಈ ಕೆಳಕಂಡ ವಿನಂತಿಗಳು. ಒಮ್ಮತವನ್ನು ಅಳೆಯಲು ನೂರರ ಲೆಕ್ಕ ಬಹಳ ದಪ್ಪವಾಯಿತು, ದಯವಿಟ್ಟು ನೂಲಿನಲ್ಲಿ ಅಳೆಯುವ ಏರ್ಪಾಡು ಮಾಡಬೇಕು. ‘ಹೌದು’ ‘ಅಲ್ಲ’ಗಳ ಪಕ್ಕದಲ್ಲಿ, ‘ಅಲ್ಲ, ಆದರೂ ಊಟಕ್ಕೆ ಕೈ ತೊಳೆದು ಬಾ’ ಎಂಬ ಮೂರನೆಯ ಗುಂಡಿಯೊಂದನ್ನು ಇಡಬೇಕು. ಕೊನೆಯದು ತಮ್ಮ ಎಂಜಿನಿಯರುಗಳಿಗೆ ಸ್ವಲ್ಪ ತೊಂದರೆ ಕೊಡಬಹುದು: ಆ ಎಲೆಯನ್ನು ಹಿಂದಕ್ಕೂ ಕಳಿಸುವಂತಾಗಬೇಕು. ಇಪ್ಪತ್ತು ವರ್ಷದ ಹಿಂದಿನ ಒಂದು ಮಧ್ಯಾಹ್ನ, ತೇಗದ ಬಣ್ಣದ ಒಂದು ಕಟ್ಟಿನ ಹಿಂಬದಿಯ ಮೊದಲ ಮೊಳೆಗೆ ಒಬ್ಬ ಹೊಸಬ ಇಕ್ಕಳ ಹಾಕುವ ಹೊತ್ತಿಗೆ, ಅದು ಅವನ ಕೈಯ ಮೇಲೆ ತೇಲಿ ಬಂದು ಕೂರಬೇಕು. ನಾಲ್ಕು ನಿಮಿಷ ಸಾಕು. ಅಷ್ಟರಲ್ಲಿ ಅವನು ಕಟ್ಟನ್ನು ತಿರುಗಿಸಿ ಒಳಗೆ ಯಾರಿದ್ದಾರೆಂದು ನೋಡಬಹುದು.

ಸೋಮವಾರ ಗಾರೆಯವರು ಬಂದರು, ಗೋಡೆ ಬೆಳ್ಳಗಾಯಿತು, ಒಣಗಿತು. ಚಿತ್ರಗಳು ಮುಖವನ್ನು ಒಳಗೆ ಮಾಡಿಕೊಂಡು ಒಂದಕ್ಕೊಂದು ಒರಗಿ ನಿಂತಿದ್ದವು. ಮೊದಲ ಮೊಳೆ ಹೊಡೆಯುವುದಕ್ಕೆ ನಾನು ಸುತ್ತಿಗೆ ತೆಗೆದುಕೊಂಡರೆ ಅಕ್ಕ ಇಕ್ಕಳ ತೆಗೆದುಕೊಂಡಳು. ತಾವು ಆಗಲೇ ವಿಷಯವನ್ನು ಮುಗಿಸಿಬಿಟ್ಟಿದ್ದರಿಂದ ಬಾಯಿಯಿಂದಲೇ ಮಾತನಾಡಬೇಕಾಯಿತು. ಒಟ್ಟಿಗೆ ಎಲ್ಲದರ ಬಗ್ಗೆ ಆಡುತ್ತಿದ್ದ ಜಗಳವನ್ನು ಬಿಟ್ಟು, ದಿನಕ್ಕೊಂದು ಚಿತ್ರವನ್ನು ಹನ್ನೊಂದು ಗಂಟೆಯ ಚಹಾಕ್ಕೆ ತಿರುಗಿಸಿ ನೋಡಿ ಅದೊಂದರ ಬಗ್ಗೆ ಜಗಳವಾಡುವುದೆಂದು ತೀರ್ಮಾನವಾಗಿದೆ. ಈ ಪತ್ರ ಬರೆಯುವ ಹೊತ್ತಿಗೆ ಒಂಬತ್ತು ಮುಗಿದಿವೆ. ಆರು ಗೋಡೆಗೆ ಹೋದವು, ಎರಡನ್ನು ಬಿಚ್ಚಿದೆವು. ಬಾತುಕೋಳಿಯನ್ನು ರದ್ದಿಗೆ ಹಾಕಿಬರುತ್ತೇನೆಂದು ಅಕ್ಕ ಒಯ್ದಳು, ಅದು ಅವಳ ಅಡುಗೆಮನೆಯಲ್ಲಿದೆ ಎಂದು ಸೊಸೆ—ಅವಳ ಮಗಳು—ಹೇಳಿದಳು. ಲಾರಿಯದು ಮೂರು ದಿನದಿಂದ ನಡೆದಿದೆ. “ಈಗ ಅವನು ನಿನಗೇನಾಗಬೇಕು?” ಎಂದು ಅವಳು ಕೇಳುತ್ತಾಳೆ. “ನಿನಗಿಂತ ಹತ್ತಿರದವನು” ಎಂದು ನಾನು ಹೇಳುತ್ತೇನೆ. ನಿನ್ನೆ ಒಂದು ಕಟ್ಟು ವಾಪಸು ಬಂತು, ಒಂದು ನೂಲಿಗೆ.

ತೇಗದ ಬಣ್ಣದ ಆ ಕಟ್ಟಿನ ಚಿತ್ರದಲ್ಲಿ ಏನಿತ್ತೆಂದು ನಾನು ಕೇಳಿದೆ. ಆ್ಯಪಿನಲ್ಲಿ ಅಲ್ಲ. ಅಕ್ಕ ಗಾಜಿನಿಂದ ಕಣ್ಣೆತ್ತದೆ, ಸೈಕಲ್ಲಿನ ಸೀಟಿನ ಮೇಲೆ ಕೈ ಇಟ್ಟುಕೊಂಡು ನಿಂತ ಹೆಂಗಸಂತೆ, ಅಂದು ಬಂದಿದ್ದವನ ಅಕ್ಕನಂತೆ, ಎಂದಳು. ಹೊಸ ಗೋಡೆಯಲ್ಲಿ ಈಗ ಒಂದು ಮೊಳೆ ಹೆಚ್ಚಿಗೆ ಇದೆ, ಅದಕ್ಕೆ ಏನನ್ನೂ ತೂಗುಹಾಕಿಲ್ಲ. ಅದೊಂದರ ಬಗ್ಗೆ ನಾವು ಜಗಳವಾಡುವುದಿಲ್ಲ.

ಇನ್ನೂ ಮೂವತ್ತನಾಲ್ಕು ಉಳಿದಿವೆ. ಅವು ಮುಗಿಯುವವರೆಗಾದರೂ ತಾವು ನಮಗೆ ಯಾವ ಸಹಾಯವನ್ನೂ ಮಾಡಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತ,

ತಮ್ಮನ್ನು ಪೂರ್ತಿ ಒಪ್ಪದ, ಆದರೂ ತಮ್ಮ ವಿಶ್ವಾಸಿಯಾದ,
ಮೇಜಿನ ಈ ಕಡೆ ಕೂರುವವನು

ತಾ.ಕ.: ತಮ್ಮ ಸೌಹಾರ್ದ ಪ್ರಮಾಣಪತ್ರವನ್ನು ಸೊಸೆ ಅಚ್ಚು ಹಾಕಿಸಿ ತಂದುಕೊಟ್ಟಳು. ಕಪ್ಪು ಪಟ್ಟಿಯ ಕಟ್ಟು ಹಾಕಿ, ಹಿಂದೆ ತಮ್ಮ ಹೆಸರಿನ ಚೀಟಿ ಅಂಟಿಸಿ, ಮಿಕ್ಕವುಗಳ ಜೊತೆ ಒರಗಿಸಿ ಇಟ್ಟಿದ್ದೇವೆ. ಒಂದು ವರ್ಷದೊಳಗೆ ಯಾರಾದರೂ ಬಂದು ಒಯ್ಯಬೇಕು. ಆಮೇಲೆ ಅದನ್ನು ಏನು ಮಾಡುವುದೆಂಬ ವಿಷಯದಲ್ಲಿ ನನಗೂ ಅಕ್ಕನಿಗೂ ಭಿನ್ನಾಭಿಪ್ರಾಯವಿದೆ.